ದೋಹಾದಲ್ಲಿ ‘ಊಟ ಆಯ್ತಾ’ ಮಾರಿದ ಮೂವತ್ತು ದಿನ

ವಿಮಾನ ನಿಲ್ದಾಣ

ವಿದೇಶಕ್ಕೆ ಹೋಗಿ ಬಂದವರು ಮೊದಲು ಹೇಳುವುದು ಅಲ್ಲಿನ ಕಟ್ಟಡ, ರಸ್ತೆಗಳ ಸುದ್ದಿ. ಕತಾರಿಗೆ ಹೋದ ನಾನು ಮೊದಲು ಕಣ್ಣಿಟ್ಟು ನೋಡಿದ್ದು ಒಬ್ಬ ಕಸ್ಟಮ್ಸ್ ಅಧಿಕಾರಿಯ ಹೆಬ್ಬೆರಳಿನ ಉಗುರನ್ನು. ಆ ಉಗುರಿನಿಂದ ಆತ ನನ್ನ ಸೊಂಟದ ಡಾಬನ್ನು ಕೆರೆಯುತ್ತಿದ್ದ.

ನನ್ನ ಸೂಟ್‌ಕೇಸಿನಲ್ಲಿ ಅಂಥವು ಬೇಕಾದಷ್ಟಿದ್ದವು. ಡಾಬು, ವಂಕಿ, ಕಾಸಿನ ಸರ, ಮೊಣಕೈವರೆಗೆ ಬಳೆ. ಎಲ್ಲ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಚೌಕಾಸಿ ಮಾಡಿ ಕೊಂಡ ಮಾಲು. ಸ್ಕ್ಯಾನ್ ಯಂತ್ರದಲ್ಲಿ ಅದೆಲ್ಲ ಏನಾಗಿ ಕಂಡಿತೋ, ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. “ಗೋಲ್ಡ್?” ಎಂದ. “ನೋ ಗೋಲ್ಡ್ ಸಾರ್, ಡೂಪ್ಲಿಕೇಟ್” ಎಂದೆ. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಮೂವರೂ ಸೇರಿ ನನ್ನ ಮಿಂಚಿನ ಲಂಗ, ಗೆಜ್ಜೆ, ಚೌರಿ ಎಲ್ಲವನ್ನೂ ಮೇಜಿನ ಮೇಲೆ ಹರಡಿದರು. ಹಿಂದೆ ಸಾಲಿನಲ್ಲಿದ್ದ ನಮ್ಮ ಕಡೆಯದೇ ಒಂದು ಸಂಸಾರ ಆ ಲಂಗವನ್ನೂ ನನ್ನನ್ನೂ ಒಮ್ಮೆ ನೋಡಿ ಮಕ್ಕಳನ್ನು ಆಚೆ ಬದಿಗೆ ಎಳೆದುಕೊಂಡಿತು. ಉಗುರಿನ ಕೆಳಗೆ ಚಿನ್ನದ ಬಣ್ಣ ಹೋಗಿ ಬಿಳಿ ತಗಡು ಕಂಡಾಗ ಅಧಿಕಾರಿ ನಕ್ಕುಬಿಟ್ಟ. ನಾನು ನಗದೆ ಹರಡಿದ್ದನ್ನೆಲ್ಲ ಬಾಚಿ ಸೂಟ್‌ಕೇಸಿಗೆ ತುಂಬಿದೆ.

ಅದು ಎರಡು ಸಾವಿರದ ಐದರ ಸುಮಾರು. ಬೆಂಗಳೂರಿನಲ್ಲಿ ನಾನು ಕುಣಿಯುತ್ತಿದ್ದ ಲೈವ್ ಬ್ಯಾಂಡಿಗೆ ಬೀಗ ಬಿದ್ದು ನಾಲ್ಕು ತಿಂಗಳಾಗಿತ್ತು. ಕುಣಿಯುವುದು ಎಂದರೆ ಭರತನಾಟ್ಯ ಅಂದುಕೊಳ್ಳಬೇಡಿ. ಗಂಡಸರು ಕುಡಿಯುತ್ತ ಕೂತ ಮಬ್ಬು ಹಾಲಿನಲ್ಲಿ, ಬೆನ್ನು ಕಾಣುವ ರವಿಕೆ ತೊಟ್ಟು, ಸಿನಿಮಾ ಹಾಡಿಗೆ ಸೊಂಟ ಆಡಿಸುವ ಕೆಲಸ. ಮುಚ್ಚಿಟ್ಟು ಆಗಬೇಕಾದ್ದೇನಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಗ ನನಗೆ ಮೂವತ್ತೊಂದು. ಈ ಕಸುಬಿನಲ್ಲಿ ಅದು ರಿಟೈರ್ ಆಗುವ ವಯಸ್ಸು.

ಅಮ್ಮನಿಗೆ “ಹೋಟೆಲಿನಲ್ಲಿ ಕೆಲಸ” ಎಂದು ಹೇಳಿದ್ದೆ. ಸುಳ್ಳಲ್ಲ. ಹೋಟೆಲಿನ ಯಾವ ಮಹಡಿ ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಒಂದು ಕೋಣೆ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಗೋಡೆಯುದ್ದಕ್ಕೂ ಕನ್ನಡಿ ಇರುವ ಕೋಣೆ. ಶಾಲೆಗಳ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡುವ ಟೀಚರ್ ಆಗಬೇಕು, ಮತ್ತೆ ಯಾರ ಎದುರೂ ಮಬ್ಬು ಬೆಳಕಿನಲ್ಲಿ ನಿಲ್ಲಬಾರದು ಎನ್ನುವುದು ನನ್ನ ಲೆಕ್ಕಾಚಾರ.

ಹೊರಗೆ ವ್ಯಾನ್ ಇಟ್ಟುಕೊಂಡು ಕಾಯುತ್ತಿದ್ದ ಮ್ಯಾನೇಜರ್ ದಿನೇಶ್ ಮುಂಬೈಯವನು, ಹಿಂದಿ ಮಾತಾಡುವವನು. ಮೊದಲು ನನ್ನ ಪಾಸ್‌ಪೋರ್ಟ್ ಇಸಿದುಕೊಂಡ. ಆಮೇಲೆ ವಿಷಯ ಹೇಳಿದ. ವೀಸಾ ಮೂವತ್ತು ದಿನದ್ದು. ಈ ಸಲ ಬಂದ ಹೊಸಬರು ನಾಲ್ವರು. ಮೂವತ್ತನೇ ದಿನ ಯಾರ ಕೊರಳಿಗೆ ಹೆಚ್ಚು ಮಾಲೆ ಬಿದ್ದಿರುತ್ತದೋ ಅವಳಿಗೊಬ್ಬಳಿಗೆ ಇನ್ನೂ ಮೂರು ತಿಂಗಳು, ಉಳಿದವರಿಗೆ ವಾಪಸು ಟಿಕೆಟ್. ಆ ಮೂರು ತಿಂಗಳು ಸಿಕ್ಕರೆ ನನ್ನ ಕೋಣೆ, ಸಿಗದಿದ್ದರೆ ಮತ್ತೆ ಬೆಂಗಳೂರಿನ ಯಾವುದೋ ಬೀಗ ತೆಗೆಯುವ ಬಾಗಿಲು. ಮಾಲೆ ಎಂದರೇನು ಎಂದು ಕೇಳಲು ಧೈರ್ಯ ಬರಲಿಲ್ಲ. ಗೊತ್ತಿರುವವಳ ಹಾಗೆ ತಲೆಯಾಡಿಸಿದೆ.

ಓಲ್ಡ್ ಏರ್‌ಪೋರ್ಟ್, ಮೂರನೇ ಮಹಡಿ

ನಮ್ಮನ್ನು ಇಳಿಸಿದ್ದು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಒಂದು ಫ್ಲಾಟಿನಲ್ಲಿ. ಹೆಸರಿಗೆ ಹಳೇ ಏರ್‌ಪೋರ್ಟ್, ವಿಮಾನಗಳು ಮಾತ್ರ ಇನ್ನೂ ನೆತ್ತಿಯ ಮೇಲೇ ಹೋಗುತ್ತಿದ್ದವು. ಒಂದೊಂದು ವಿಮಾನ ಹೋದಾಗಲೂ ಅದು ನನ್ನನ್ನು ವಾಪಸು ಒಯ್ಯಲು ಬಂದದ್ದೇ ಅನಿಸುತ್ತಿತ್ತು.

ಕಾನೂನುಗಳು ಬಹಳ. ಒಬ್ಬೊಬ್ಬರೇ ಹೊರಗೆ ಹೋಗಬಾರದು. ಗಿರಾಕಿಗೆ ನಂಬರ್ ಕೊಡಬಾರದು, ಹೆಸರು ಹೇಳಬಾರದು, ಅವರ ಹೆಸರು ಕೇಳಬಾರದು. ಸ್ಟೇಜಿನಿಂದ ಗಿರಾಕಿಗಳ ಕಡೆ ಇಳಿಯಲೇಬಾರದು. ಇಳಿದರೆ ಹೋಟೆಲಿನವರು ಕಾರ್ಯಕ್ರಮವನ್ನೇ ನಿಲ್ಲಿಸುತ್ತಾರೆ. “ಇಳಿದಳು ಅಂದ್ರೆ ಖಲಾಸ್” ಎಂದು ದಿನೇಶ್ ಕೈಯನ್ನು ವಿಮಾನದ ಹಾಗೆ ಹಾರಿಸಿ ತೋರಿಸಿದ. ನನಗೆ ಕಾಜಲ್ ಎಂದು ಹೆಸರಿಟ್ಟದ್ದೂ ಅವನೇ.

ಫ್ಲಾಟಿನಲ್ಲಿ ನನ್ನ ಕೋಣೆಗೆ ಜೊತೆಯಾದವರು ಮಂಜುಳಕ್ಕ. ಕಾಪು ಕಡೆಯವರು, ಮನೆಮಾತು ತುಳು. ಮೂರು ವರ್ಷದಿಂದ ಹೋಗಿ ಬಂದು ಮಾಡುತ್ತಿದ್ದ ಹಳೇ ಕೈ. ನಲವತ್ತು ದಾಟಿದ್ದರೂ ದಾಟಿಲ್ಲ ಎನ್ನುವುದು ಅವರ ಪಾಸ್‌ಪೋರ್ಟ್ ಬಿಟ್ಟು ಉಳಿದೆಲ್ಲರ ನಂಬಿಕೆ. ನನ್ನ ಮಾತು ಕೇಳಿದ್ದೇ, “ಓ, ಕನ್ನಡದವಳಾ? ದೇವರು ದೊಡ್ಡವ. ಒಂದು ವರ್ಷದಿಂದ ಈ ಗೋಡೆಯ ಹತ್ತಿರ ಮಾತಾಡಿ ಮಾತಾಡಿ ಸಾಕಾಗಿದೆ ಮಾರಾಯ್ತಿ” ಎಂದು ನನ್ನ ಚೀಲ ಎತ್ತಿಕೊಂಡರು.

ಆ ಊರಿನಲ್ಲಿ ನನಗೆ ವಿಚಿತ್ರವಾಗಿ ಕಂಡದ್ದು ಅಲ್ಲಿನ ಮೌನ. ಫೋನ್ ಮಾಡಿದರೆ ಗ್ರೋಸರಿ ಅಂಗಡಿಯವನು ಎರಡು ನಿಂಬೆಹಣ್ಣನ್ನೂ ಬಾಗಿಲಿಗೆ ತಂದು ಕೊಡುತ್ತಾನೆ. ಆದರೆ ಯಾಕೆ, ಯಾರಿಗೆ, ಮೈ ಹುಷಾರಿಲ್ಲವೇ ಎಂದು ಒಂದು ಮಾತು ಕೇಳುವುದಿಲ್ಲ. ಎದುರು ಫ್ಲಾಟಿನವರು ಲಿಫ್ಟಿನಲ್ಲಿ ಸಿಕ್ಕರೆ ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಲ್ಲುತ್ತಾರೆ. ನಮ್ಮೂರಿನಲ್ಲಾದರೆ ಬೀದಿ ಕೊನೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಜನ ಎಲ್ಲಿಗೆ, ಏನು, ತಿಂಡಿ ಏನು ಎಂದು ವಿಚಾರಣೆ ಮಾಡಿಬಿಟ್ಟಿರುತ್ತಾರೆ. ಅಲ್ಲಿದ್ದಾಗ ಅದು ಕಿರಿಕಿರಿ ಎನಿಸುತ್ತಿತ್ತು. ಇಲ್ಲಿ ನಾಲ್ಕೇ ದಿನಕ್ಕೆ ಯಾರಾದರೂ ವಿಚಾರಣೆ ಮಾಡಲಿ ಅನಿಸತೊಡಗಿತು.

ಹೋಟೆಲಿನ ನೆಲಮಾಳಿಗೆ

ಹೋಟೆಲಿನ ಹೆಸರು ಬೇಡ. ಹಿಂಬಾಗಿಲಿನಿಂದ ಒಳಗೆ ಹೋಗಿ, ಲಾಂಡ್ರಿಯ ಬಿಸಿಗಾಳಿ ದಾಟಿದರೆ ಹಾಲ್. ಒಂದು ಕೊನೆಯಲ್ಲಿ ಮೊಣಕಾಲೆತ್ತರದ ಸ್ಟೇಜ್. ಮೂರು ಮೆಟ್ಟಿಲು. ಒಂದು ಕಡೆ ಹಾಡುವವರು, ನಡುವೆ ನಾವು ಎಂಟು ಜನ. ಬೆಂಗಳೂರಿನಲ್ಲಿ ನೋಟು ತೂರುತ್ತಿದ್ದರು. ಇಲ್ಲಿ ಹಾಗಿಲ್ಲ. ಗಿರಾಕಿ ವೇಟರನ್ನು ಕರೆದು ಮಾಲೆ ಕೊಳ್ಳಬೇಕು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ. ಯಾರಿಗೆ ಎಂದು ಬೆರಳು ತೋರಿಸಿದರೆ ವೇಟರ್ ಬಂದು ಅವಳ ಕೊರಳಿಗೆ ಹಾಕುತ್ತಾನೆ. ಹಾಡು ಮುಗಿದ ಮೇಲೆ ಅದೇ ಮಾಲೆ ಬುಟ್ಟಿಗೆ ಹೋಗಿ ಮತ್ತೆ ಮಾರಾಟಕ್ಕೆ ಬರುತ್ತದೆ. ನಮ್ಮ ಸಂಪಾದನೆಯೆಲ್ಲ ಆ ಮಾಲೆಗಳ ಮೇಲೆ.

ಮೊದಲ ಸಂಜೆ ನಾನು ಮೈ ಮುರಿದು ಕುಣಿದೆ. ಆರು ಹಾಡು ಬಿಡದೆ ಕುಣಿದೆ. ಲಂಗ ಕೊಡೆಯ ಹಾಗೆ ಅರಳುವಂತೆ ತಿರುಗಿದೆ, ಮಂಡಿಯ ಮೇಲೆ ಜಾರಿದೆ, ಬೆವರು ಕಣ್ಣಿಗಿಳಿದು ಕಾಡಿಗೆ ಕದಡಿತು. ಜನ ಚಪ್ಪಾಳೆ ಹೊಡೆದರು. ಮಾಲೆ ಬಿದ್ದದ್ದು ಸೊನ್ನೆ.

ಮಂಜುಳಕ್ಕ ಕುಣಿಯಲೇ ಇಲ್ಲ. ಹಸಿರು ಸೀರೆ ಉಟ್ಟು, ಬಸ್ಸಿಗೆ ಕಾಯುವವಳ ಹಾಗೆ ಒಂದೇ ಕಡೆ ನಿಂತು, ಆಗಾಗ ಒಂದು ಕೈ ತಿರುಗಿಸುತ್ತಿದ್ದರು. ಅವರ ಕೊರಳು ಮುಚ್ಚಿ ಗಲ್ಲದವರೆಗೆ ಮಾಲೆ ಬಂದಿತ್ತು. ನನಗೆ ಅಳು ನುಗ್ಗಿ ಬಂತು. ಹತ್ತು ವರ್ಷ ಕಲಿತದ್ದು ಒಂದು ಕವಡೆ ಬಾಳಲಿಲ್ಲವಲ್ಲ ಎಂದು ಲಾಂಡ್ರಿಯ ಪಕ್ಕದ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಡುಗೆಮನೆಯ ಪಾಠ

ಮಾರನೇ ದಿನ ಮಧ್ಯಾಹ್ನ ಮಂಜುಳಕ್ಕ ನೀರುದೋಸೆ ಹುಯ್ಯುತ್ತಿದ್ದರು. ನಾನು ಕೇಳಿಯೇಬಿಟ್ಟೆ.

“ಅಕ್ಕ, ನಿಮ್ಗೆ ಹೆಂಗ್ ಬೀಳುತ್ತೆ ಅಷ್ಟೊಂದು ಮಾಲೆ? ನೀವು ಒಂದ್ ಹೆಜ್ಜೆನೂ ಹಾಕ್ಲಿಲ್ಲ.”

“ನೀನು ಕುಣಿಯುವುದು ಚಂದ ಉಂಟು,” ಎಂದರು ಕಾವಲಿಯ ಮೇಲೆ ಕಣ್ಣಿಟ್ಟು. “ಆದ್ರೆ ನೀನು ಕುಣಿಯುವುದು, ಅವರು ನೋಡುವುದು. ಅವರನ್ನು ನೀನು ಯಾವಾಗ ನೋಡುವುದು?”

“ಅವರನ್ನ ಯಾಕೆ ನೋಡ್ಬೇಕು?”

“ಡ್ಯಾನ್ಸ್ ನೋಡ್ಲಿಕ್ಕೆ ಅವರ ರೂಮಲ್ಲೇ ಟೀವಿ ಉಂಟಲ್ಲ ಮಾರಾಯ್ತಿ. ಇಲ್ಲಿಗೆ ಬರುವುದು ಯಾರಾದ್ರೂ ತಮ್ಮನ್ನು ನೋಡ್ಲಿ ಅಂತ. ನೀನು ಗಿರಗಿರ ತಿರುಗಿದ್ರೆ ನಿನ್ನ ಕಣ್ಣು ಯಾರ ಮೇಲೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.”

ಅಂದಿನಿಂದ ಪಾಠ ಶುರುವಾಯಿತು. ಗ್ಯಾಸ್ ಸಿಲಿಂಡರು ಒಬ್ಬ ಗಿರಾಕಿ, ನೀರಿನ ಕ್ಯಾನು ಇನ್ನೊಬ್ಬ. ಒಬ್ಬನನ್ನು ಮೂರು ಎಣಿಸುವವರೆಗೆ ನೋಡಬೇಕು. ಬಿಡಬೇಕು. ಒಂದು ಸಾಲು ಹಾಡು ಮುಗಿದ ಮೇಲೆ ಮತ್ತೆ ಅವನಲ್ಲಿಗೇ ಬರಬೇಕು. ಆಗ ಅವನಿಗೆ ಮೊದಲನೆಯದು ಆಕಸ್ಮಿಕ ಅಲ್ಲ ಎಂದು ತಿಳಿಯುತ್ತದೆ. ಮಾಲೆ ಬಿದ್ದಾಗ ಮಾಲೆ ನೋಡಬಾರದು, ಕೊಟ್ಟವನ ಮುಖ ನೋಡಬೇಕು. ಸಿಲಿಂಡರಿಗೆ ನಾನು ಎಷ್ಟು ಪ್ರೀತಿಯಿಂದ ನೋಡಿದೆನೆಂದರೆ ಮಂಜುಳಕ್ಕ ನಕ್ಕು ದೋಸೆ ಸೀಯಿಸಿದರು.

ಪ್ರತಿ ಸಂಜೆ ಪ್ರಯೋಗ. ಒಂದು ದಿನ ಬಲಗಡೆ ಕಂಬದ ಹತ್ತಿರ ಒಬ್ಬ ನಿಂತಿದ್ದ, ನನ್ನನ್ನೇ ನೋಡುತ್ತಿದ್ದ. ಮೂರು ಎಣಿಸಿದೆ, ಬಿಟ್ಟೆ, ಮತ್ತೆ ಬಂದೆ. ಅವನು ಇನ್ನೂ ನೋಡುತ್ತಿದ್ದ. ಮೂರು ಹಾಡು ಅವನಿಗೇ ಸುರಿದೆ. ನಾಲ್ಕನೇ ಹಾಡಿಗೆ ಅವನು ಏಣಿ ತಂದು ನನ್ನ ನೆತ್ತಿಯ ಮೇಲೆ ಮಿಣಿಮಿಣಿ ಮಾಡುತ್ತಿದ್ದ ದೀಪ ಬದಲಿಸಿ ಹೋದ. ಹೋಟೆಲಿನ ಎಲೆಕ್ಟ್ರಿಷಿಯನ್! ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದರೆ ಒಂದು ವಾರ ಕಳೆದುಹೋಗಿತ್ತು, ನನ್ನ ಮಾಲೆಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು.

ದೋಹಾ ಅಲ್ ಜದೀದಾ, ಶುಕ್ರವಾರ

ಶುಕ್ರವಾರ ಕಾರ್ಯಕ್ರಮವಿಲ್ಲ. ನಮ್ಮನ್ನು ದೋಹಾ ಅಲ್ ಜದೀದಾದ ಅಂಗಡಿ ಬೀದಿಗೆ ಬಿಡುತ್ತಿದ್ದರು. ಪಿನ್ನು, ಕ್ರೀಮು, ಗೆಜ್ಜೆಗೆ ದಾರ. ಅವತ್ತು ರಸ್ತೆಗಳಲ್ಲಿ ಗಂಡಸರೇ ಗಂಡಸರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲು ಬಾಚಿ, ಏನೂ ಕೆಲಸವಿಲ್ಲದೆ ಗುಂಪುಗುಂಪಾಗಿ ನಿಂತಿರುತ್ತಾರೆ. ನಮ್ಮಲ್ಲಿ ಹಬ್ಬದ ದಿನ ಹೊಸ ಬಟ್ಟೆ ಹಾಕಿಕೊಂಡ ಮಕ್ಕಳು ಬಟ್ಟೆ ಕೊಳೆಯಾದೀತೆಂದು ಆಡದೆ ನಿಂತಿರುತ್ತವಲ್ಲ, ಹಾಗೆ.

ಟೆಲಿಫೋನ್ ಕಾರ್ಡ್ ಮಾರುವ ಅಂಗಡಿಯ ಮುಂದೆ ಸಾಲಾಗಿ ನಿಂತು ಊರಿಗೆ ಮಾತಾಡುತ್ತಿದ್ದರು. ಮಲಯಾಳ, ತಮಿಳು, ಹಿಂದಿ. ನಡುವೆ ಫಕ್ಕನೆ ಕನ್ನಡ ಕೇಳಿತು. ನಾನು ದುಪಟ್ಟಾ ಮುಖಕ್ಕೆಳೆದುಕೊಂಡು ಮಂಜುಳಕ್ಕನ ಹಿಂದೆ ಅಡಗಿದೆ. ಸೂಪರ್‌ವೈಸರನ ಹಾಗೆ ಕಾಣುತ್ತಿದ್ದ ಒಬ್ಬ ಕಾರಿಗೆ ಒರಗಿ ಫೋನಿನಲ್ಲಿ ಕೂಗುತ್ತಿದ್ದ. “ಹ್ಞೂಂ, ಆಯ್ತು, ಆಯ್ತು. ನಿಂದು? ಏನ್ ಸಾರು? ಮಗೀದಾಯ್ತಾ?” ಕಾರ್ಡಿನ ನಿಮಿಷವೆಲ್ಲ ಊಟದಲ್ಲೇ ಮುಗಿದುಹೋಯಿತು. ಅವನ ಮುಖ ಮಾತ್ರ ಹೊಟ್ಟೆ ತುಂಬ ಉಂಡವನ ಮುಖವಾಗಿತ್ತು. ನನಗೂ ಯಾಕೋ ಅಮ್ಮನ ನೆನಪಾಯಿತು.

ಮೂಲೆಯ ಟೇಬಲ್

ಮಾರನೇ ಸಂಜೆ ಹಾಲಿನಲ್ಲಿ ಹೆಚ್ಚು ಜನವಿರಲಿಲ್ಲ. ಮೂಲೆಯ ಟೇಬಲಿನಲ್ಲಿ ಐವತ್ತರ ಆಸುಪಾಸಿನ ಒಬ್ಬರು ಒಂಟಿಯಾಗಿ ಕೂತಿದ್ದರು. ತೋಳು ಮಡಿಸದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎದುರಿಗೆ ಬರೀ ಸೋಡಾ. ಕಡಲೆಬೀಜದ ತಟ್ಟೆಯನ್ನು ಒಂದೇ ಸಮನೆ ಖಾಲಿ ಮಾಡುತ್ತಿದ್ದರು. ಹಣೆಯಲ್ಲಿ ಅಳಿದುಳಿದ ಒಂದು ಎಳೆ ಕುಂಕುಮ ಕಂಡು ನಮ್ಮ ಕಡೆಯವರೇ ಇರಬೇಕು ಅನಿಸಿತು. ಅವರ ಹಸಿವು ನೋಡಿ, ಯೋಚನೆಯನ್ನೇ ಮಾಡದೆ, ಮನೆ ಬಾಗಿಲಿಗೆ ಬಂದವರನ್ನು ಕೇಳುವ ಹಾಗೆ ನನ್ನ ತುಟಿ ಕೇಳಿಬಿಟ್ಟಿತು. “ಊಟ ಆಯ್ತಾ?”

ಹಾಡಿನ ಗದ್ದಲದಲ್ಲಿ ಸದ್ದು ಎಲ್ಲಿ ಕೇಳಬೇಕು! ಆದರೆ ಆ ಎರಡು ಮಾತು ನಮ್ಮವರಿಗೆ ತುಟಿಯಲ್ಲೇ ತಿಳಿಯುತ್ತದೆ. ಅವರು ಬಾಯಿಗೆ ಹೋಗುತ್ತಿದ್ದ ಕೈ ನಿಲ್ಲಿಸಿದರು. ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನಾದರೂ ಕೇಳಿದೆನೋ ಎಂದು. ಆಮೇಲೆ ಶಾಲೆಯ ಹುಡುಗನ ಹಾಗೆ ತಲೆ ಅಡ್ಡಡ್ಡ ಆಡಿಸಿದರು. ಇಲ್ಲ, ಆಗಿಲ್ಲ. ನಾನು ಕೆನ್ನೆಗೆ ಕೈಯಿಟ್ಟು ‘ಅಯ್ಯೋ’ ಎಂದೆ. ಅದೂ ಅಭಿನಯವಲ್ಲ, ಅಭ್ಯಾಸ. ಎರಡು ನಿಮಿಷದಲ್ಲಿ ವೇಟರ್ ಬಂದ, ಮಾಲೆ ಬಿತ್ತು. ಇನ್ನೊಂದು. ಇನ್ನೊಂದು.

ಆ ಮೇಲೆ ನಾನು ಪ್ರತಿ ಸಂಜೆ ಹುಡುಕತೊಡಗಿದೆ. ನೂರು ಕಣ್ಣಿನಲ್ಲಿ ಐದಾರು ಜೋಡಿಗೆ ಆ ಮಾತು ತಿಳಿಯುತ್ತಿತ್ತು. ಪುತ್ತೂರಿನ ಇಬ್ಬರು ಗ್ಯಾರೇಜಿನವರು, ಬೆಂಗಳೂರಿನ ಆಫೀಸಿನವರ ಒಂದು ಗುಂಪು. ಊರು ನನಗೆ ಗೊತ್ತಾದದ್ದು ಹೇಗೆನ್ನುತ್ತೀರಾ? ಮಂಜುಳಕ್ಕನಿಗೆ ತಿಳಿಯದ ಜಾತಕವಿರಲಿಲ್ಲ. ಅವರೆಲ್ಲ ಟೇಬಲು ಬದಲಿಸಿ ನನ್ನ ಕಡೆಗೇ ಬಂದು ಕೂರಲು ಶುರುಮಾಡಿದರು. ‘ಆಯ್ತು’ ಎಂದವರಿಗೆ ಒಂದು ನಗೆ ಕೊಟ್ಟು ಮುಂದೆ ಹೋಗುತ್ತಿದ್ದೆ. ‘ಇಲ್ಲ’ ಎಂದವರ ಎದುರು ಕೆನ್ನೆಗೆ ಕೈಯಿಟ್ಟು ಅರ್ಧ ಹಾಡು ನಿಲ್ಲುತ್ತಿದ್ದೆ. ಇಷ್ಟೇ ನನ್ನ ವ್ಯಾಪಾರ. ಕುಣಿತ ನಾಲ್ಕಾಣೆ, ಊಟ ಹನ್ನೆರಡಾಣೆ. ಇಪ್ಪತ್ತನೇ ದಿನಕ್ಕೆ ಹೊಸಬರಲ್ಲಿ ನಾನೇ ಎರಡನೆಯವಳು. ಮೊದಲನೆಯವಳು ರೂಹಿ ಎಂಬ ಮುಂಬೈ ಹುಡುಗಿ.

ಎಲ್ಲರಿಗಿಂತ ನಿಯತ್ತಿನ ಗಿರಾಕಿ ಆ ಮೂಲೆಯ ಟೇಬಲಿನವರೇ. ನಾವು ಅವರಿಗೆ ಸೋಡಾ ಸರ್ ಎಂದು ಹೆಸರಿಟ್ಟೆವು. ಹುಣಸೂರಿನ ಕಡೆಯವರಂತೆ, ಯಾವುದೋ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸವಂತೆ, ಇಷ್ಟೇ ಗೊತ್ತು. ಎರಡನೇ ಸಲ ಕೇಳಿದಾಗ ಅವರು ಸಂಕೋಚದಿಂದ ‘ಆಯ್ತು’ ಎಂದಿದ್ದರು. ನಾನು ನಕ್ಕು ಗ್ಯಾರೇಜಿನವರ ಕಡೆ ತಿರುಗಿದ್ದೆ. ಅದಾದ ಮೇಲೆ ಅವರ ಉತ್ತರ ಯಾವಾಗಲೂ ‘ಇಲ್ಲ’.

ನನ್ನ ಜಂಬ ತಡೆಯಲಾರದೆ ಗುಟ್ಟನ್ನೆಲ್ಲ ಮಂಜುಳಕ್ಕನಿಗೆ ಹೇಳಿದೆ. ಅವರು ಮೆಚ್ಚಲಿಲ್ಲ.

“ಬೇಡ ಮಾರಾಯ್ತಿ. ಕಣ್ಣು ಮಾರು, ನಗೆ ಮಾರು. ಅನ್ನದ ಮಾತನ್ನು ಮಾರಬಾರದು.”

“ಬರೀ ಮಾತಲ್ವಾ ಅಕ್ಕ?”

“ನಿನಗೆ ಬರೀ ಮಾತು.”

ಹಳಬಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ.

ಇಪ್ಪತ್ತೆಂಟನೇ ದಿನ

ಗುರುವಾರ. ವಾರದ ರಜೆಯ ಹಿಂದಿನ ಸಂಜೆ, ಹಾಲ್ ತುಂಬಿತ್ತು. ರೂಹಿ ನನಗಿಂತ ಒಂದೆರಡೇ ಮಾಲೆ ಮುಂದಿದ್ದಳು. ಎರಡನೇ ಹಾಡಿಗೇ ಸೋಡಾ ಸರ್ ಕಡೆ ತಿರುಗಿ ಕೇಳಿದೆ. ಅವರು ‘ಇಲ್ಲ’ ಎಂದು ತಲೆಯಾಡಿಸಿದರು. ಆಡಿಸಿದ ತಲೆ ನಿಲ್ಲಲಿಲ್ಲ. ಮೆಲ್ಲಗೆ ಆಡುತ್ತಲೇ ಇತ್ತು. ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಆ ಏಸಿಯಲ್ಲಿ! ವೇಟರಿಗೆಂದು ಎತ್ತಿದ ಕೈ ಗ್ಲಾಸಿಗೆ ತಾಗಿ ಅದು ಒಡೆಯಿತು. ಆಮೇಲೆ ಅವರು ಕುರ್ಚಿಯಿಂದ ಪಕ್ಕಕ್ಕೆ ಜಾರಿ ನೆಲಕ್ಕೆ ಬಿದ್ದರು.

“ಪೀಕೇ ಗಿರಾ” ಎಂದು ಯಾರೋ ನಕ್ಕರು. ಕುಡಿದು ಬಿದ್ದ ಎಂದೇ ಎಲ್ಲರೂ ತಿಳಿದದ್ದು. ಸೆಕ್ಯುರಿಟಿಯ ಇಬ್ಬರು ಬಂದು ತೋಳು ಹಿಡಿದು ಬಾಗಿಲ ಕಡೆ ಎಳೆಯತೊಡಗಿದರು. ಹಾಡು ನಿಲ್ಲಲಿಲ್ಲ. ಹಾಡು ನಿಲ್ಲಿಸಬಾರದೆನ್ನುವುದೂ ಒಂದು ಕಾನೂನು.

ಅವರು ಕುಡಿಯುವವರಲ್ಲ ಎಂದು ನನಗೆ ಗೊತ್ತಿತ್ತು. ಆ ಬೆವರೂ ಗೊತ್ತಿತ್ತು. ನಮ್ಮಮ್ಮನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ತಪ್ಪಿಸಿದ ದಿನ ಆಕೆಯೂ ಹೀಗೇ ತಣ್ಣಗೆ ಬೆವೆತು, ಹೀಗೇ ತಲೆಯಾಡಿಸುತ್ತ ಕುಸಿದಿದ್ದಳು. ಹೊರಗೆ ಎಳೆದು ಮೆಟ್ಟಿಲ ಮೇಲೆ ಕೂರಿಸಿದರೆ ಈ ಮನುಷ್ಯ ಉಳಿಯುವುದಿಲ್ಲ.

ಸ್ಟೇಜಿಗೆ ಮೂರು ಮೆಟ್ಟಿಲು ಎಂದೆನಲ್ಲ. ಆ ಮೂರನ್ನು ನೋಡುತ್ತ ನಾನು ನಿಂತೆ. ಎಷ್ಟು ಹೊತ್ತು ನಿಂತೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಇಳಿದರೆ ಖಲಾಸ್. ಕೋಣೆ, ಕನ್ನಡಿ, ಎಲ್ಲ. ಒಂದು ಸಾಲು ಹಾಡು ಮುಗಿಯುವಷ್ಟು ಹೊತ್ತಂತೂ ನಿಂತಿದ್ದೆ. ಆಮೇಲೆ ಗೆಜ್ಜೆ ಝಲ್ಲೆನಿಸಿಕೊಂಡು ಇಳಿದು ಓಡಿದೆ. ಯಾರದೋ ಟೇಬಲಿನ ಮೇಲಿದ್ದ ಪೆಪ್ಸಿ ಕಿತ್ತುಕೊಂಡೆ. ಎಚ್ಚರ ಪೂರ್ತಿ ಹೋಗಿರಲಿಲ್ಲ. ತಲೆ ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದೆ. “ಶುಗರ್, ಶುಗರ್” ಎಂದು ಸೆಕ್ಯುರಿಟಿಯವರ ಮೇಲೆ ಅರಚಿದೆ. ಒಬ್ಬ ವೇಟರ್ ಅರ್ಥವಾಗಿ ಸಕ್ಕರೆ ಪೊಟ್ಟಣಗಳನ್ನು ತಂದ.

ಕಾಲು ಗಂಟೆಗೆ ಅವರು ಪೂರ್ತಿ ಕಣ್ಣು ಬಿಟ್ಟರು. ನನಗೆ ಭಯವೆಲ್ಲ ಕೋಪವಾಗಿ ಬಂತು.

“ಮಾತ್ರೆ ತಗೊಂಡು ಊಟ ಯಾಕ್ರೀ ಮಾಡ್ಲಿಲ್ಲ? ಸಾಯೋಕ್ ಬಂದ್ರಾ ಇಲ್ಲಿಗೆ?”

ಅವರು ನನ್ನ ಮುಖ ನೋಡಿದರು. ಮೊದಲ ಸಲ ಅವರ ದನಿ ಕೇಳಿದೆ. ಮೆತ್ತಗಿನ ದನಿ.

“ಆಯ್ತು ಅಂದ್ರೆ ನೀವು ಆ ಕಡೆ ತಿರುಗ್ಬಿಡ್ತೀರಿ. ಸುಳ್ಳು ಹೇಳೋದು ನಂಗೆ ಅಭ್ಯಾಸ ಇಲ್ಲ ಕಣಮ್ಮ. ಅದಕ್ಕೆ ಗುರುವಾರ, ಶನಿವಾರ ಊಟ ಬಿಟ್ಟು ಬರ್ತಿದ್ದೆ.”

ನಾನು ಇನ್ನೊಂದು ಸಕ್ಕರೆ ಪೊಟ್ಟಣ ಹರಿದು ಅವರ ಬಾಯಿಗೆ ಸುರಿದೆ. ಅಷ್ಟರಲ್ಲಿ ದಿನೇಶ್ ಬಂದು ನನ್ನ ಹೆಗಲು ಹಿಡಿದು ಎಬ್ಬಿಸಿದ. “ಯಲ್ಲಾ, ಒಳಗೆ ನಡಿ.” ಅವರನ್ನು ಟ್ಯಾಕ್ಸಿಯಲ್ಲಿ ಕಳಿಸಿದರೆಂದು ವೇಟರ್ ಆಮೇಲೆ ಹೇಳಿದ.

ಇಪ್ಪತ್ತೊಂಬತ್ತನೇ ದಿನ

ಶುಕ್ರವಾರ ಬೆಳಗಿನಿಂದ ಮೂರು ಸಲ ಬಟ್ಟೆ ಮಡಿಸಿ ಸೂಟ್‌ಕೇಸಿಗಿಟ್ಟೆ, ಮೂರು ಸಲ ತೆಗೆದೆ. ನಾಲ್ಕು ಗಂಟೆಗೆ ದಿನೇಶ್ ಕರೆಸಿದ. ಅವನ ಮೇಜಿನ ಮೇಲೆ ನಮ್ಮ ನಾಲ್ವರ ಪಾಸ್‌ಪೋರ್ಟುಗಳಿದ್ದವು. ನನ್ನದು ಯಾವುದೆಂದು ಹುಡುಕುತ್ತ ನಿಂತೆ.

ಅವನು ಬೈಯಲಿಲ್ಲ. ಹೋಟೆಲಿನವರು ಕುಡಿತದ ಗಲಾಟೆ ಅಲ್ಲ, ಜೀವ ಉಳಿಯಿತು ಎಂದು ತಿಳಿದು ಸುಮ್ಮನಾಗಿದ್ದರಂತೆ. “ಈ ಸಲ ಮಾಫಿ ಮುಷ್ಕಿಲ್” ಎಂದ, ಪರವಾಗಿಲ್ಲ ಎನ್ನುವಂತೆ ಕೈಯಾಡಿಸಿ. ಆಮೇಲೆ ಬೆರಳಿನಿಂದ ಪಾಸ್‌ಪೋರ್ಟುಗಳನ್ನು ಜೋಡಿಸುತ್ತ ಹೇಳಿದ. ರೂಹಿ ನಿನಗಿಂತ ಮೂರೇ ಮಾಲೆ ಮುಂದಿದ್ದಾಳೆ. ನಾಳೆ ಒಂದು ಸಂಜೆ ಇದೆ. ನಿನ್ನ ಕನ್ನಡದ ಕಮಾಲ್ ಏನಿದೆಯೋ ಅದನ್ನು ನಾಳೆ ಪೂರ್ತಿ ತೋರಿಸು.

ರಾತ್ರಿ ಅಡುಗೆಮನೆಯಲ್ಲಿ ಮಂಜುಳಕ್ಕ ನನಗೆ ಅನ್ನ ಬಡಿಸಿದರು.

“ನಾಳ್ದು ನೀನು ಇರುವುದೂ ಹೋಗುವುದೂ ನನಗೆ ಒಂದೇ ಅಲ್ಲ, ಗೊತ್ತುಂಟಲ್ಲ? ನೀನು ಹೋದರೆ ನಾನು ಪುನಃ ಗೋಡೆಯ ಹತ್ತಿರ ಮಾತಾಡಬೇಕು. ಆದರೂ ಹೇಳುತ್ತೇನೆ. ಆ ಮನುಷ್ಯ ಬಂದರೆ ಕೇಳಬೇಡ.”

“ಕೇಳಲ್ಲ ಅಕ್ಕ” ಎಂದೆ. ಆ ಕ್ಷಣ ಅದು ನಿಜವಾಗಿತ್ತು. ಅನ್ನ ಮಾತ್ರ ಹಾಗೇ ಬಿಟ್ಟು ಎದ್ದೆ.

ಮೂವತ್ತನೇ ದಿನ

ಶನಿವಾರ ಎಂಟೂವರೆಗೆ ಅವರು ಬಂದರು. ಅದೇ ಮೂಲೆ, ಅದೇ ಬಿಳಿ ಅಂಗಿ, ಎರಡು ಪೆನ್ನು. ಮುಖ ಇಳಿದಿತ್ತು. ವೇಟರ್ ತಟ್ಟೆ ಇಟ್ಟು ಹೋದದ್ದು ನೋಡಿದೆ, ಏನು ತಂದ ಎಂದು ಕಾಣಲಿಲ್ಲ.

ನಾನು ಗ್ಯಾರೇಜಿನವರನ್ನು ಕೇಳಿದೆ, ಆಫೀಸಿನವರನ್ನು ಕೇಳಿದೆ. ಮಾಲೆ ಬಿದ್ದವು. ರೂಹಿಗೂ ಬಿದ್ದವು. ಮೂಲೆಯ ಕಡೆ ಕತ್ತು ತಿರುಗಿಸಲಿಲ್ಲ, ಆದರೆ ಆ ಕಡೆಯ ಕೆನ್ನೆಯೆಲ್ಲ ಬೆಂಕಿಗೆ ಹಿಡಿದ ಹಾಗಿತ್ತು. ಹಾಡುಗಳು ಒಂದೊಂದಾಗಿ ಮುಗಿದವು. ಕೊನೆಯ ಹಾಡಿಗೆ ಮುಂಚೆ ಬುಟ್ಟಿಯ ವೇಟರ್ ಹತ್ತಿರ ಬಂದು ಕಿವಿಯಲ್ಲಿ ಹೇಳಿದ. ಸಮ ಸಮ. ಒಂದೇ ಒಂದು ಬೇಕು.

ಇದನ್ನು ಓದುವ ನೀವು, ನಾನು ಕೇಳಲಿಲ್ಲ ಎಂದು ಬರೆಯುತ್ತೇನೆಂದು ಕಾಯುತ್ತಿದ್ದೀರಿ. ನನಗೂ ಹಾಗೆ ಬರೆಯುವ ಆಸೆ ಇದೆ. ಆದರೆ ನಾನು ಮೂಲೆಗೆ ತಿರುಗಿದೆ. ಅವರು ಮೊದಲಿನಿಂದಲೂ ನನ್ನನ್ನೇ ನೋಡುತ್ತಿದ್ದರು. ಮೂರು ಎಣಿಸಿದೆ.

“ಊಟ ಆಯ್ತಾ?”

ಅವರು ತಡಮಾಡಿದರು. ಒಮ್ಮೆ ತಟ್ಟೆ ನೋಡಿಕೊಂಡರು. ಆಮೇಲೆ ತಲೆ ಅಡ್ಡಡ್ಡ ಆಡಿಸಿದರು. ಇಲ್ಲ.

ತಟ್ಟೆ ಖಾಲಿಯಿತ್ತು. ಉಂಡು ಖಾಲಿಯಾದದ್ದೋ, ಬಡಿಸಿಕೊಳ್ಳದೆ ಖಾಲಿ ಇದ್ದದ್ದೋ, ನೋಡಬೇಕೆಂದು ಕಣ್ಣು ಕಿರಿದು ಮಾಡಿದೆ. ದೀಪ ನೇರ ಕಣ್ಣಿಗೆ ಹೊಡೆಯುತ್ತಿತ್ತು. ನನಗಾಗಿ ಆ ಮನುಷ್ಯ ಸುಳ್ಳು ಕಲಿತರೋ, ಕಲಿಯಲಿಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ವೇಟರ್ ಮಾಲೆ ಹಿಡಿದು ಬರುತ್ತಿದ್ದ. ನಾನು ಕೆನ್ನೆಗೆ ಕೈಯಿಟ್ಟುಕೊಂಡೆ, ತಲೆ ಬಗ್ಗಿಸಿದೆ.

ಮೂರು ತಿಂಗಳ ವೀಸಾ ಸಿಕ್ಕಿತು. ಮಂಜುಳಕ್ಕ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ, ಆಮೇಲೆ ಮಾತಾಡಿದರು. ಚನ್ನರಾಯಪಟ್ಟಣದ ಕೋಣೆಯೂ ಆಯಿತು, ಗೋಡೆಯುದ್ದದ ಕನ್ನಡಿಯೂ ಆಯಿತು. ಸೋಡಾ ಸರ್ ಮಾತ್ರ ಆ ಶನಿವಾರದ ನಂತರ ಬರಲಿಲ್ಲ. ಇನ್ನು ಸಾಕು ಎಂದು ಬಿಟ್ಟರೋ, ಊರಿಗೆ ಹೋದರೋ, ಆ ಸಂಜೆ ಮನೆಗೇ ತಲುಪಲಿಲ್ಲವೋ. ಮೂರು ತಿಂಗಳು ಸಂಜೆ ಸಂಜೆ ಆ ಮೂಲೆಯ ಕುರ್ಚಿ ನೋಡಿದೆ. ವೇಟರುಗಳನ್ನು, ಗ್ಯಾರೇಜಿನವರನ್ನು, ಸಿಕ್ಕವರನ್ನೆಲ್ಲ ವಿಚಾರಿಸಬೇಕೆಂದು ಹೊರಟೆ. ಏನೆಂದು ವಿಚಾರಿಸಲಿ? ಅಷ್ಟು ದಿನ ಊಟ ಕೇಳಿದ್ದೆನೇ ಹೊರತು ಹೆಸರು ಕೇಳಿರಲಿಲ್ಲ.